ಮೋಟರು, ಫ್ರಿಜ್ಜು, ಯುಪಿಎಸ್ಸು: ಮನೆಯ ಸೆನ್ಸರ್ ಕೆಲಸ ಎಲ್ಲಿಗೆ ಬಂತು

ಈಗಿನ ಸ್ಥಿತಿ ಹೀಗಿದೆ. ಮನೆಯ ಸಾಮಾನುಗಳ ಮೇಲೆ ಕಣ್ಣಿಡಲು ಹಾಕಿದ ಮೂರು ಸೆನ್ಸರ್ ಓಡುತ್ತಿವೆ, ಒಂದು ಬೋರ್ಡು ಸತ್ತು ಮೇಜಿನ ಮೇಲೆ ಬಿದ್ದಿದೆ, ಇನ್ನೊಂದು ಸೆನ್ಸರನ್ನು ಅಮ್ಮನ ಮಾತಿಗೆ ಬಿಚ್ಚಿಟ್ಟಿದ್ದೇನೆ. ಅದು ಗ್ರೈಂಡರಿಗೆ ಹಾಕಿದ್ದು. ಹಿಟ್ಟು ರುಬ್ಬಿ ಮುಗಿಯುವ ಹೊತ್ತಿಗೆ ಫೋನಿಗೆ ಮೆಸೇಜ್ ಬರಲಿ ಅಂತ ಎರಡು ಭಾನುವಾರ ಕೂತು ಮಾಡಿದ್ದೆ. ಅಮ್ಮ ಒಂದೇ ಮಾತಲ್ಲಿ ಮುಗಿಸಿದರು: "ಕಲ್ಲಿನ ಸದ್ದು ಬದಲಾದ್ರೆ ನಂಗೆ ಗೊತ್ತಾಗುತ್ತೆ, ಅದಕ್ಕೆ ಫೋನ್ ಯಾಕೋ?" ಉತ್ತರ ಇರಲಿಲ್ಲ. ಬಿಚ್ಚಿದೆ.

ಮೂರು ತಿಂಗಳ ಹಿಂದೆ ಇದೆಲ್ಲ ಶುರುವಾಗಿದ್ದು ಸಂಪಿನ ಮೋಟರಿನಿಂದ. ನಮ್ಮದು ಹಾಸನ, ದಿನ ಬಿಟ್ಟು ದಿನ ನಲ್ಲಿ ನೀರು. ಅದು ಸಂಪಿಗೆ ಬೀಳುತ್ತದೆ, ಅಲ್ಲಿಂದ ಒಂದು ಎಚ್‌ಪಿ ಮೋಟರು ಮೇಲಿನ ಟ್ಯಾಂಕಿಗೆ ಎತ್ತುತ್ತದೆ. ಒಂದು ದಿನ ಫುಟ್ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡು ಏರ್ ಹಿಡಿದಿತ್ತು. ಮೋಟರು ಮಾಮೂಲಿನಂತೆ ಗುಂಯ್ ಅನ್ನುತ್ತಿತ್ತು, ಆದರೆ ಒಂದು ಹನಿ ನೀರೂ ಮೇಲೆ ಹೋಗುತ್ತಿರಲಿಲ್ಲ, ಮನೆಯವರೆಲ್ಲ ಟ್ಯಾಂಕು ತುಂಬುತ್ತಿದೆ ಅಂತ ಟಿವಿ ಮುಂದೆ ಕೂತಿದ್ದೆವು. ಮುಕ್ಕಾಲು ಗಂಟೆಯಲ್ಲಿ ವೈಂಡಿಂಗ್ ಸುಟ್ಟ ವಾಸನೆ. ರಿಪೇರಿಗೆ 2,800 ರೂಪಾಯಿ, ಎರಡು ದಿನ ಬಕೆಟ್ಟಿನಲ್ಲಿ ನೀರು ಹೊತ್ತಿದ್ದು ಬೇರೆ.

ಹಾಗಾಗಿ ಮೊದಲ ಸೆನ್ಸರ್ ಅಲ್ಲಿಗೇ. ಸಾಮಾನು ಜಾಸ್ತಿ ಇಲ್ಲ: ವೈಫೈ ಇರುವ ಪುಟ್ಟ ಇಎಸ್‌ಪಿ8266 ಬೋರ್ಡು ಒಂದು, ಒಂದು ಪಿಜೆಡ್‌ಇಎಂ-004ಟಿ ಮಾಡ್ಯೂಲು, ಅದರ ಜೊತೆ ಬರುವ, ವೈರಿನ ಸುತ್ತ ಬಳೆಯಂತೆ ಕೂರುವ ಕರೆಂಟ್ ಕಾಯಿಲ್. ಈ ಮಾಡ್ಯೂಲು ವೋಲ್ಟೇಜ್, ಆಂಪ್, ವ್ಯಾಟ್, ಯೂನಿಟ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಎಲ್ಲ ತಾನೇ ಅಳೆದು ಕೊಡುತ್ತದೆ, ನಾವು ಕೇಳಿದರೆ ಸಾಕು. ಇದರ ಒಂದು ಕಡೆ ನೇರವಾಗಿ 230 ವೋಲ್ಟ್ ಇರುತ್ತದೆ, ತೆರೆದ ಸ್ಕ್ರೂಗಳ ಮೇಲೆ. ಎಂಸಿಬಿ ಇಳಿಸದೆ ಮುಟ್ಟಬೇಡಿ, ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ನಾನೂ ಕರೆಸಿದೆ, ಆದರೆ ಒಂದಿಡೀ ಭಾನುವಾರ ಹಾಳು ಮಾಡಿಕೊಂಡ ಮೇಲೆ.

ಆ ಭಾನುವಾರ ಆಗಿದ್ದು ಇಷ್ಟು. ವೋಲ್ಟೇಜ್ ಸರಿಯಾಗಿ ತೋರಿಸುತ್ತಿತ್ತು, ಆಂಪ್ ಮಾತ್ರ ಸೊನ್ನೆ. ಪ್ರೋಗ್ರಾಮ್ ಮೂರು ಸಲ ಬರೆದೆ, ಮಾಡ್ಯೂಲು ಹಾಳಾಗಿದೆ ಅಂತ ಇನ್ನೊಂದು ತರಿಸುವುದಕ್ಕೂ ಹೊರಟೆ. ಸಂಜೆ ಎಲೆಕ್ಟ್ರಿಷಿಯನ್ ಬಂದವನು ಪೆಟ್ಟಿಗೆ ತೆರೆದು ನಕ್ಕ. "ಸಾರ್, ಎರಡೂ ವೈರ್ ಸೇರಿಸಿ ಕಾಯಿಲ್ ಒಳಗೆ ತೂರಿಸಿದ್ದೀರಲ್ಲ. ಹೋಗೋ ಕರೆಂಟು, ಬರೋ ಕರೆಂಟು, ಅಲ್ಲಿಗಲ್ಲಿಗೆ ವಜಾ." ಒಂದೇ ವೈರ್ ಒಳಗಿರಬೇಕು, ಫೇಸ್ ಆದರೂ ಸರಿ ನ್ಯೂಟ್ರಲ್ ಆದರೂ ಸರಿ. ಐದು ನಿಮಿಷದ ಕೆಲಸ.

ಆಮೇಲಿನ ತೊಂದರೆ ವೈಫೈ. ಸ್ಟಾರ್ಟರ್ ಪೆಟ್ಟಿಗೆ ಕಬ್ಬಿಣದ್ದು, ಅದರೊಳಗೆ ಬೋರ್ಡು ಇಟ್ಟರೆ ಸಿಗ್ನಲ್ ಹೊರಗೆ ಬರುವುದೇ ಕಷ್ಟ. ಕಾಯಿಲ್ ಒಳಗೇ ಬಿಟ್ಟು ಮಾಡ್ಯೂಲು, ಬೋರ್ಡು ಎರಡನ್ನೂ ಪಕ್ಕದಲ್ಲೊಂದು ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸಿಗೆ ಹಾಕಿದೆ. ಸರಿಹೋಯಿತು.

ಈಗ ನಿಜವಾದ ವಿಷಯ. ನೀರಿಲ್ಲದೆ ಓಡುತ್ತಿದೆ ಅಂತ ಹೇಗೆ ಕಂಡುಹಿಡಿಯುವುದು? ಕರೆಂಟು ಕಡಿಮೆಯಾಗುತ್ತದೆ, ಅದನ್ನು ನೋಡಿದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಬೇಕಂತಲೇ ಒಂದು ನಿಮಿಷ ನೀರಿಲ್ಲದೆ ಓಡಿಸಿ ನೋಡಿದೆ. ನೀರು ಎತ್ತುವಾಗ 5.1 ಆಂಪ್, ಎತ್ತದಿದ್ದಾಗ 4.2. ಅಷ್ಟೇ ವ್ಯತ್ಯಾಸ! ಸಂಜೆ ವೋಲ್ಟೇಜ್ ಏರುಪೇರಾದರೂ ಇಷ್ಟು ಆಚೀಚೆ ಆಗುತ್ತದೆ. ಆದರೆ ವ್ಯಾಟ್ ನೋಡಿದರೆ 940ರಿಂದ 520ಕ್ಕೆ ಬಿದ್ದಿತ್ತು, ಪವರ್ ಫ್ಯಾಕ್ಟರ್ 0.86ರಿಂದ 0.57ಕ್ಕೆ. ಯಾಕೆಂದರೆ ಇಂಥ ಮೋಟರು ಕೆಲಸ ಮಾಡಲಿ ಬಿಡಲಿ, ತನ್ನೊಳಗಿನ ಅಯಸ್ಕಾಂತ ಕಟ್ಟಿಕೊಳ್ಳುವುದಕ್ಕೇ ಒಂದಷ್ಟು ಕರೆಂಟು ಎಳೆಯುತ್ತಲೇ ಇರುತ್ತದೆ. ಆ ಕರೆಂಟು ಆಂಪ್‌ನಲ್ಲಿ ಕಾಣುತ್ತದೆ, ವ್ಯಾಟ್‌ನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬರೀ ಆಂಪ್ ಅಳೆಯುವ ಅಗ್ಗದ ಕ್ಲ್ಯಾಂಪ್ ಹಾಕಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಈಗಿನ ನಿಯಮ: ವ್ಯಾಟ್ 650ಕ್ಕಿಂತ ಕೆಳಗೆ ಮತ್ತು ಪವರ್ ಫ್ಯಾಕ್ಟರ್ 0.68ಕ್ಕಿಂತ ಕೆಳಗೆ, ಎರಡೂ ಸೇರಿ 20 ಸೆಕೆಂಡ್ ಇದ್ದರೆ ಮೋಟರ್ ಆಫ್. ಈ ಅಂಕಿ ನನ್ನ ಮೋಟರಿಗೆ ಮಾತ್ರ, ನಿಮ್ಮದನ್ನು ನೀವೇ ಅಳೆದುಕೊಳ್ಳಬೇಕು.

ಆಫ್ ಮಾಡುವುದರಲ್ಲೂ ಒಂದು ಪೆಟ್ಟು ತಿಂದೆ. ಬೋರ್ಡು ಹೇಳಿದಂತೆ ಆನ್ ಆಫ್ ಆಗುವ ಸ್ವಿಚ್ಚು, ಆ ನೀಲಿ ಡಬ್ಬಿಯ ಪುಟ್ಟ ರಿಲೇ ಇದೆಯಲ್ಲ, ಮೇಲೆ 10 ಆಂಪ್ ಅಂತ ಬರೆದಿರುತ್ತದೆ, ನಮ್ಮದು 5 ಆಂಪ್ ಮೋಟರು, ಧಾರಾಳ ಸಾಕು ಅಂದುಕೊಂಡೆ. ಆದರೆ ಮೋಟರು ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಅಂದರೆ 25ರಿಂದ 30 ಆಂಪ್. ನಾಲ್ಕನೇ ದಿನ ರಿಲೇಯ ಒಳಗಿನ ಎರಡು ಬಿಲ್ಲೆ ವೆಲ್ಡ್ ಆದ ಹಾಗೆ ಅಂಟಿಕೊಂಡವು. ಫೋನಿನಲ್ಲಿ ಆಫ್ ಒತ್ತಿದರೆ ಸ್ಕ್ರೀನಿನ ಮೇಲೆ ಆಫ್ ಅಂತಲೇ ಇದೆ, ಹಿತ್ತಲಲ್ಲಿ ಮೋಟರು ಓಡುತ್ತಲೇ ಇದೆ. ಮೇಜಿನ ಮೇಲೆ ಸತ್ತು ಬಿದ್ದಿದೆ ಅಂದೆನಲ್ಲ, ಅದು ಇದೇ ರಿಲೇ ಬೋರ್ಡು. ಈಗ ರಿಲೇ ಬರೀ ಕಾಂಟ್ಯಾಕ್ಟರಿನ (ಮೋಟರಿಗೆಂದೇ ಇರುವ ಗಟ್ಟಿ ರಿಲೇ) ಕಾಯಿಲನ್ನು ಆನ್ ಆಫ್ ಮಾಡುತ್ತದೆ, ಮೋಟರಿನ ಭಾರ ಹೊರುವುದು ಕಾಂಟ್ಯಾಕ್ಟರ್. ಮೊದಲೇ ಹೀಗೆ ಮಾಡಬೇಕಿತ್ತು.

ಫ್ರಿಜ್ ಕಥೆ ಬೇರೆ. ಅಲ್ಲಿ ಅಳೆಯುವುದು ಒಳಗಿನ ಬಿಸಿ-ತಂಪು. ಡಿಎಸ್18ಬಿ20 ಅನ್ನುವ ನೀರು ತಾಗದ ಕೊಳವೆಯಂಥ ಸೆನ್ಸರನ್ನು ಒಳಗಿಟ್ಟು, ಸಣ್ಣ ವೈರನ್ನು ಬಾಗಿಲ ರಬ್ಬರಿನ ಕೆಳಗಿಂದ ಹೊರಗೆ ತಂದೆ. ಅಂಥದೇ ಇಎಸ್‌ಪಿ8266 ಬೋರ್ಡು ಹೊರಗೆ, 18650 ಅನ್ನುವ ರೀಚಾರ್ಜ್ ಬ್ಯಾಟರಿ ಮೇಲೆ. ಐದು ನಿಮಿಷಕ್ಕೊಮ್ಮೆ ಎದ್ದು ಓದಿ, ಕಳಿಸಿ, ಮತ್ತೆ ಮಲಗಬೇಕು. ಮಲಗಿದಾಗ ಈ ಚಿಪ್ಪು ಎಳೆಯುವುದು ಸುಮಾರು 20 ಮೈಕ್ರೋಆಂಪ್ ಅಂತ ಕಂಪನಿಯ ಪುಸ್ತಕದಲ್ಲಿದೆ, ಹಾಗಾದರೆ ತಿಂಗಳುಗಟ್ಟಲೆ ಬರಬೇಕಲ್ವಾ? ಬಂದಿದ್ದು ಒಂಬತ್ತು ದಿನ.

ಮೀಟರ್ ಹಿಡಿದು ನೋಡಿದಾಗ ಗೊತ್ತಾಯಿತು. ಚಿಪ್ಪು ಮಲಗುತ್ತದೆ, ಬೋರ್ಡು ಮಲಗುವುದಿಲ್ಲ. ಬೋರ್ಡಿನ ಮೇಲಿರುವ ವೋಲ್ಟೇಜ್ ರೆಗ್ಯುಲೇಟರ್, ಯುಎಸ್‌ಬಿ ಚಿಪ್ಪು ಎರಡೂ ಸೇರಿ ಎಂಟೊಂಬತ್ತು ಮಿಲಿಆಂಪ್ ಸುಮ್ನೆ ಕುಡಿಯುತ್ತಿದ್ದವು. 2200 ಮಿಲಿಆಂಪ್ ಅವರ್ ಬ್ಯಾಟರಿ, ಒಟ್ಟು ಖರ್ಚು ಸರಾಸರಿ 10 ಮಿಲಿಆಂಪ್, ಭಾಗಿಸಿದರೆ 220 ಗಂಟೆ, ಅಂದರೆ ಒಂಬತ್ತು ದಿನವೇ. ಲೆಕ್ಕ ಸರಿಯಾಗಿಯೇ ಇತ್ತು, ನಾನು ಹಾಕಿರಲಿಲ್ಲ ಅಷ್ಟೇ. ಈಗ ಬೋರ್ಡು ಬಿಟ್ಟು, ಅದೇ ಚಿಪ್ಪಿರುವ ಬರೀ ಇಎಸ್‌ಪಿ-12 ಮಾಡ್ಯೂಲು, ಕಡಿಮೆ ತಿನ್ನುವ ಎಚ್‌ಟಿ7333 ರೆಗ್ಯುಲೇಟರ್, ಪಕ್ಕಕ್ಕೊಂದು 470 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದಕ್ಕೆ ಸ್ಥಿರ ಐಪಿ, ಅಂದರೆ ಬದಲಾಗದ ವೈಫೈ ವಿಳಾಸ, ಕೊಟ್ಟಿದ್ದರಿಂದ ವೈಫೈ ಹಿಡಿಯುವ ಹೊತ್ತೂ ಕಡಿಮೆಯಾಗಿದೆ. ಇವತ್ತಿಗೆ 41 ದಿನ, ಇನ್ನೂ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇದೆ.

ಆ ಕೆಪಾಸಿಟರ್ ಹಾಕಿದ್ದು ವೋಲ್ಟೇಜ್ ಥಟ್ಟನೆ ಕುಸಿಯದಿರಲಿ ಅಂತ, ಅದಕ್ಕೊಂದು ಕಥೆ ಇದೆ. ಹಳೆಯ ಬೋರ್ಡಿನ ಒಂಬತ್ತನೇ ದಿನದ ರಾತ್ರಿ, ಎರಡೂಮುಕ್ಕಾಲಿಗೆ, ಅಮ್ಮನ ಫೋನು ಕೂಗಿತು. ಫ್ರಿಜ್ಜಿನೊಳಗೆ 85 ಡಿಗ್ರಿ! ಅಮ್ಮ ಓಡಿಹೋಗಿ ಬಾಗಿಲು ತೆರೆದು ಹಾಲಿನ ಪಾತ್ರೆ ಮುಟ್ಟಿ ನೋಡಿದರಂತೆ, ತಣ್ಣಗಿತ್ತು. ಡಿಎಸ್18ಬಿ20ಗೆ ಕರೆಂಟು ಬಂದ ಕೂಡಲೇ, ಇನ್ನೂ ಅಳೆಯುವ ಮೊದಲು, ಅದರ ಹೊಟ್ಟೆಯಲ್ಲಿರುವ ಅಂಕಿ 85. ಪೂರ್ತಿ ಸೂಕ್ಷ್ಮವಾಗಿ ಅಳೆಯುವುದಕ್ಕೆ 750 ಮಿಲಿಸೆಕೆಂಡ್ ಬೇಕು. ಬ್ಯಾಟರಿ ಸೊರಗಿದ್ದಾಗ ವೈಫೈ ಕಳಿಸುವ ಎಳೆತಕ್ಕೆ ವೋಲ್ಟೇಜ್ ಕುಸಿದು, ಸೆನ್ಸರ್ ಮಧ್ಯದಲ್ಲೇ ರೀಸೆಟ್ ಆಗಿ, ಆ ಹುಟ್ಟು ಅಂಕಿಯನ್ನೇ ಕೊಟ್ಟುಬಿಟ್ಟಿತ್ತು. ವೈರ್ ಕಿತ್ತುಹೋದರೆ ಲೈಬ್ರರಿ (ಸೆನ್ಸರ್ ಓದುವ ಸಿದ್ಧ ಪ್ರೋಗ್ರಾಮ್) ಕೊಡುವುದು ಮೈನಸ್ 127, ಅದೂ ಒಮ್ಮೆ ಬಂದಿದೆ. ಈ ಎರಡು ಅಂಕಿ ಕಂಡರೆ ಈಗ ಎಸೆದು ಮತ್ತೆ ಓದುತ್ತದೆ.

ಅಷ್ಟರಲ್ಲಿ ಅಮ್ಮ ನನ್ನ ಮೆಸೇಜುಗಳನ್ನೆಲ್ಲ ಮ್ಯೂಟ್ ಮಾಡಿಬಿಟ್ಟಿದ್ದರು. ತಪ್ಪು ನನ್ನದೇ. ಮೋಟರ್ ಆನ್, ಮೋಟರ್ ಆಫ್, ಫ್ರಿಜ್ ಬಾಗಿಲು, ವೋಲ್ಟೇಜ್ ಕಡಿಮೆ, ದಿನಕ್ಕೆ ಮೂವತ್ತು ಮೆಸೇಜ್ ಬಂದರೆ ಯಾರು ತಾನೇ ನೋಡುತ್ತಾರೆ? ಈಗ ಮೂರೇ ಉಳಿಸಿದ್ದೇನೆ: ಮೋಟರು ನೀರೆತ್ತುತ್ತಿಲ್ಲ, ಫ್ರಿಜ್ ಒಳಗೆ ಒಂದು ಗಂಟೆಯಿಂದ 10 ಡಿಗ್ರಿಗಿಂತ ಜಾಸ್ತಿ ಇದೆ, ಮತ್ತು ಸೆನ್ಸರೇ ಸತ್ತಿದೆ.

ಮೂರನೆಯದು ಬಹಳ ಮುಖ್ಯ, ಅದನ್ನು ನಾನು ಕೊನೆಗೆ ಸೇರಿಸಿದ್ದು. ಮೋಟರ್ ಕಡೆಯಿಂದ ಸುದ್ದಿಯೇ ಇಲ್ಲ ಅಂದರೆ ಎಲ್ಲ ಚೆನ್ನಾಗಿದೆ ಅಂತಲೋ, ಬೋರ್ಡು ಕೆಟ್ಟು ಕೂತಿದೆ ಅಂತಲೋ? ಮನೆಯಲ್ಲಿ ಎಲ್ಲ ಸೆನ್ಸರೂ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನ ಮೇಲೆ ಓಡುವ ಮಸ್ಕಿಟೋಗೆ (ಸಂದೇಶ ಪಡೆದು ಹಂಚುವ ಪ್ರೋಗ್ರಾಮ್) ಎಂಕ್ಯೂಟಿಟಿ ಅನ್ನುವ ಸಂದೇಶ ಪದ್ಧತಿಯಲ್ಲಿ ಮಾತಾಡುತ್ತವೆ. 1999ರಲ್ಲಿ ತೈಲದ ಪೈಪ್‌ಲೈನುಗಳನ್ನು ಉಪಗ್ರಹದ ಮೂಲಕ ನೋಡಿಕೊಳ್ಳುವುದಕ್ಕೆ ಅಂತ ಮಾಡಿದ ಪದ್ಧತಿ ಇದು, ಸಂಪರ್ಕ ಆಗಾಗ ಕಡಿಯುತ್ತದೆ ಅಂತ ಗೊತ್ತಿದ್ದೇ ಕಟ್ಟಿದ್ದು. ಅದರಲ್ಲಿ ಉಯಿಲು ಬರೆದಿಡುವ ಸೌಲಭ್ಯ ಇದೆ. ಸೆನ್ಸರ್ ಸೇರಿಕೊಳ್ಳುವಾಗಲೇ "ನಾನು ಹೇಳದೆ ಕೇಳದೆ ಹೋದರೆ ಈ ಮಾತನ್ನು ಎಲ್ಲರಿಗೂ ಹೇಳಿ" ಅಂತ ಬರೆದುಕೊಟ್ಟಿರುತ್ತದೆ, ಅದು ಮಾಯವಾದ ಸ್ವಲ್ಪ ಹೊತ್ತಿಗೆ ಮಸ್ಕಿಟೋ ಆ ಮಾತನ್ನು ಹೊರಡಿಸುತ್ತದೆ. ಮೋಟರಿಗೆ ಇದು ಸಾಕು. ಫ್ರಿಜ್ಜಿನದು ಪ್ರತಿ ಸಲ ಮಲಗಲು ಹೋಗುವುದರಿಂದ ಅದಕ್ಕೆ ಉಯಿಲು ಹೊಂದುವುದಿಲ್ಲ, ಅರ್ಧ ಗಂಟೆ ಸುದ್ದಿ ಬರದಿದ್ದರೆ ಸತ್ತಿದೆ ಅಂತ ಪೈ ತಾನೇ ಲೆಕ್ಕ ಹಾಕುತ್ತದೆ.

ಮೂರನೇ ಸೆನ್ಸರ್ ಅತ್ಯಂತ ಅಗ್ಗದ್ದು, ನನಗೆ ಅತ್ಯಂತ ಇಷ್ಟವಾದದ್ದೂ ಅದೇ. ನಿಮ್ಮ ಮನೆಯ ಕರೆಂಟ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ ನೋಡಿ. ನಮ್ಮ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 3200 ಮಿಣುಕು ಅಂತ ಅಚ್ಚಾಗಿದೆ. ಅದರ ಎದುರಿಗೆ ಬೆಳಕು ಗುರುತಿಸುವ ಒಂದು ಫೋಟೋಟ್ರಾನ್ಸಿಸ್ಟರ್ ಇಟ್ಟು ಎಣಿಸಿದರೆ ಇಡೀ ಮನೆಯ ಲೆಕ್ಕ ಸಿಗುತ್ತದೆ, ಒಂದು ವೈರನ್ನೂ ಮುಟ್ಟದೆ. ಮೀಟರ್ ನಮ್ಮದಲ್ಲ, ಅದಕ್ಕೆ ಅಂಟಿಸಬಾರದು, ಸೀಲ್ ಮುಟ್ಟಬಾರದು. ನಾನು ಗೋಡೆಗೆ ಮೊಳೆ ಹೊಡೆದು, ಕಪ್ಪು ಪೈಪಿನ ತುಂಡಿನೊಳಗೆ ಸೆನ್ಸರ್ ಕೂರಿಸಿ, ಗಾಜಿನ ಎದುರು ಎರಡು ಇಂಚು ದೂರದಲ್ಲಿ ನಿಲ್ಲಿಸಿದ್ದೇನೆ. ಬೆಳಗಿನ ಬಿಸಿಲು ಬಿದ್ದು ಮೊದಲ ವಾರ ಎಣಿಕೆ ತಪ್ಪಿತು, ಪೈಪು ಉದ್ದ ಮಾಡಿದ ಮೇಲೆ ಸರಿ.

ಇದನ್ನು ಹಾಕಿದ್ದು ಗೃಹಜ್ಯೋತಿಯ ಸಲುವಾಗಿ. 200 ಯೂನಿಟ್ ತನಕ ಉಚಿತ ಅಂತ ಬಾಯಿಮಾತಲ್ಲಿ ಹೇಳುತ್ತಾರೆ, ಆದರೆ ನಮ್ಮಂಥ ಮನೆಯ ಮಿತಿ 2022-23ರ ಸರಾಸರಿಯ ಮೇಲೆ ಶೇ 10 ಸೇರಿಸಿ ನಿಗದಿಯಾಗಿದ್ದು. ನಮ್ಮ ಸರಾಸರಿ 112, ಹಾಗಾಗಿ ಮಿತಿ 123. ಅದಕ್ಕಿಂತ ಮೇಲೆ ಬಂದದ್ದಕ್ಕೆ ದುಡ್ಡು. ಕಳೆದ ಆರು ತಿಂಗಳಿಂದ ನಾವು 140ರ ಆಸುಪಾಸು. ಮನೆಯಲ್ಲಿ ಎಲ್ಲರ ಅನುಮಾನ ಫ್ರಿಜ್ಜಿನ ಮೇಲೆ, ಹಳೆಯದು ನೋಡಿ.

ಒಂದು ರಾತ್ರಿಯ ಎಣಿಕೆ ಬಿಡಿಸಿ ನೋಡಿದೆ. ರಾತ್ರಿ ಎರಡರಿಂದ ನಾಲ್ಕರ ತನಕ ಫ್ರಿಜ್ಜಿನ ಕಂಪ್ರೆಸರ್ ನಿಂತಿದ್ದಾಗಲೂ 15 ಸೆಕೆಂಡಿಗೊಂದು ಮಿಣುಕು. ಗಂಟೆಗೆ 240, ಅಂದರೆ 75 ವ್ಯಾಟ್, ಎಲ್ಲರೂ ಮಲಗಿರುವ ಮನೆಯಲ್ಲಿ! ಮರುದಿನ ಒಂದೊಂದಾಗಿ ಪ್ಲಗ್ ಕಿತ್ತು ನೋಡಿದೆ. ರೂಟರ್ ಮತ್ತು ಪೈ ಸೇರಿ 14. ಸೆಟ್‌ಟಾಪ್ ಬಾಕ್ಸು ಟಿವಿ ಆಫ್ ಇದ್ದರೂ 9. ಚಿಲ್ಲರೆ ಪಲ್ಲರೆ ಸೇರಿ 11. ಉಳಿದ 41 ಯುಪಿಎಸ್ಸು. ಕರೆಂಟು ಹೋಗಿಯೇ ಇಲ್ಲ, ಆದರೂ ಅದು ಚಾರ್ಜ್ ಮಾಡುತ್ತಲೇ ಇದೆ. ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್, ತಿಂಗಳಿಗೆ 30. ಬೈಸಿಕೊಂಡ ಫ್ರಿಜ್ಜು ದಿನಕ್ಕೆ 1.1 ಯೂನಿಟ್ ತಿಂದು ಇಡೀ ಮನೆಯ ಹಾಲು, ತರಕಾರಿ ಕಾಯುತ್ತಿದೆ, ಹೆಚ್ಚುಕಡಿಮೆ ಅಷ್ಟನ್ನೇ ತಿಂದು ಇದು ಮೂಲೆಯಲ್ಲಿ ಬಿಸಿಯಾಗಿ ಕೂತಿದೆ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದೆ, 41 ಇದ್ದದ್ದು 36 ಆಯಿತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ರಿಪೇರಿಯವರು ಬಂದು ನೋಡಿ ಬ್ಯಾಟರಿಗೆ ಐದು ವರ್ಷ ಆಗಿದೆ, ಅದು ಚಾರ್ಜ್ ಹಿಡಿಯುತ್ತಿಲ್ಲ, ಅದಕ್ಕೇ ಯುಪಿಎಸ್ ತುಂಬುತ್ತಲೇ ಇದೆ ಅಂದರು. ಹೊಸದಕ್ಕೆ 14,000. ತಿಂಗಳಿಗೆ ಉಳಿಯುವುದು ನೂರು, ನೂರೈವತ್ತು ರೂಪಾಯಿ ಇರಬಹುದು. ಹೆಂಡತಿ ಈ ಲೆಕ್ಕ ನೋಡಿ "ಸೆನ್ಸರಿಗೆ ಇದುವರೆಗೆ ಎಷ್ಟು ಹಾಕಿದ್ದೀರಿ?" ಅಂತ ಕೇಳಿದಳು. ಆ ಕಾಲಂ ಇನ್ನೂ ತುಂಬಿಲ್ಲ.

ಸದ್ಯಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಯುಪಿಎಸ್ಸಿನ ಮೇನ್ ಸ್ವಿಚ್ ಆಫ್ ಮಾಡಿ ನೋಡೋಣ ಅಂತಿದ್ದೆ, ಆದರೆ ರೂಟರೂ ಪೈಯೂ ಅದರ ಮೇಲೇ ಇವೆ, ಸೊರಗಿದ ಬ್ಯಾಟರಿ ಎಂಟು ಗಂಟೆ ಎಳೆಯುತ್ತದೋ ಇಲ್ಲವೋ. ಈ ಶನಿವಾರ ಪರೀಕ್ಷೆ. ಮೇಲಿನ ಟ್ಯಾಂಕಿನ ಮಟ್ಟ ಅಳೆಯುವ ಸೆನ್ಸರ್ ಪೆಟ್ಟಿಗೆಯಲ್ಲೇ ಇದೆ, ಮಳೆ ನಿಂತ ಮೇಲೆ ಏಣಿ ಹತ್ತುತ್ತೇನೆ.