ಮಾಗಡಿ ಕೆರೆಗೆ ಹೋಗುವವರು ಹಿಂದಿನ ರಾತ್ರಿಯೇ ಹೋಗಿ

ಮೊಬೈಲ್ ನಕ್ಷೆಯಲ್ಲಿ ಬರೀ ‘ಮಾಗಡಿ’ ಎಂದು ಹುಡುಕಬೇಡಿ, ಅದು ಬೆಂಗಳೂರು ಪಕ್ಕದ ಕೆಂಪೇಗೌಡರ ಮಾಗಡಿಗೆ ದಾರಿ ತೋರಿಸಬಹುದು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಮಾಗಡಿ ಇರುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ, ಗದಗಿನಿಂದ 26 ಕಿ.ಮೀ.

ಹುಬ್ಬಳ್ಳಿಯವರಾದ ನಮಗೆ ಇದು ಪಕ್ಕದೂರಿದ್ದಂತೆ. ಆದರೂ ಮನೆಯಲ್ಲಿ ವಯಸ್ಸಾದವರಿದ್ದಾರೆಂದು ಮೊದಲ ಸಲ ಬಾಡಿಗೆ ಕಾರು ಹಿಡಿದೆವು. ಲಕ್ಕುಂಡಿ, ಮಾಗಡಿ ಎರಡೂ ಸೇರಿ ₹4,500 ಎಂದು ಮಾತಾಗಿತ್ತು. ನಸುಕಿನಲ್ಲೇ ಕೆರೆಗೆ ಹೋಗೋಣ ಎಂದರೆ ಡ್ರೈವರ್ ಕೇಳಲಿಲ್ಲ. ‘ಹಕ್ಕಿ ಎಲ್ಲಿ ಓಡಿ ಹೋಗ್ತಾವ್ರೀ’ ಎನ್ನುತ್ತ ತನಗೆ ಬೇಕಾದ ಹೋಟೆಲ್‌ನಲ್ಲಿ ತಿಂಡಿಗೆ ನಿಲ್ಲಿಸಿದ, ಆಮೇಲೆ ಲಕ್ಕುಂಡಿ ಸುತ್ತಿಸಿದ. ಕೆರೆ ಮುಟ್ಟಿದಾಗ ಹನ್ನೊಂದಾಗಿತ್ತು. ಹೆಬ್ಬಾತುಗಳು ದೂರದಲ್ಲಿ ಬೆನ್ನಿನ ಗರಿಗಳೊಳಗೆ ಕೊಕ್ಕು ಹುದುಗಿಸಿ ನಿದ್ದೆ ಮಾಡುತ್ತಿದ್ದವು. ಬಿಸಿಲ ಝಳಕ್ಕೆ ಬೈನಾಕ್ಯುಲರ್‌ನಲ್ಲೂ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಸರಿಯಾಗಿ ಕಾಣಲಿಲ್ಲ. ವಾಪಸ್ ಬಂದ ಮೇಲೆ ‘ವೇಟಿಂಗ್’ ಅಂತ ಇನ್ನೂ ₹600 ಕೇಳಿದ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳವು. ಅವನ್ನು ನೋಡಲು ಹೋದವರನ್ನು ಹೀಗೆ ಸುತ್ತಾಡಿಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆಮೇಲೆ ಬಸ್ಸಿನಲ್ಲೇ ಹೋದೆವು. ಲಕ್ಷ್ಮೇಶ್ವರದಲ್ಲಿ ರಾತ್ರಿ ಉಳಿದು ಸೂರ್ಯ ಹುಟ್ಟುವ ಮೊದಲೇ ಕೆರೆಯ ಏರಿಯ ಮೇಲಿದ್ದೆವು. ಈ ಬಾತುಗಳು ಮೀನು ತಿನ್ನುವವಲ್ಲ. ಕೆರೆ ಅವಕ್ಕೆ ವಿಶ್ರಾಂತಿಯ ಜಾಗ, ಮೇಯುವುದು ಸುತ್ತಲಿನ ಹೊಲಗಳಲ್ಲಿ. ‘ರಾತ್ರಿ ನಮ್ಮ ಕಡ್ಲಿ ಹೊಲದಾಗ ಮೇಯ್ತಾವ್ರೀ, ಹಿಕ್ಕಿ ಹಾಕ್ತಾವಲ್ಲ, ಅದೂ ಗೊಬ್ಬರಾನ’ ಎಂದರು ಎತ್ತು ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು. ಬೆಳಕು ಹರಿದಂತೆ ದೂರದಿಂದ ಮೊದಲು ಕೂಗು ಕೇಳಿಸಿತು, ಆಮೇಲೆ ಸಾಲು ಸಾಲಾಗಿ ಬಂದು ನಮ್ಮ ತಲೆಯ ಮೇಲೆಯೇ ಹಾದು ನೀರಿಗಿಳಿದವು. ಇದನ್ನು ನೋಡುವುದಕ್ಕೇ ಅಲ್ಲಿಗೆ ಹೋಗಬೇಕು. ಬಣ್ಣದ ಕೊಕ್ಕರೆ, ನಾಮದ ಕೋಳಿಗಳೂ ಇದ್ದವು. ಅವನ್ನು ಎಲ್ಲಿ ಬೇಕಾದರೂ ನೋಡಬಹುದು ಬಿಡಿ.

ಲಕ್ಷ್ಮೇಶ್ವರದ ಎಲ್ಲ ಬಸ್ಸುಗಳೂ ಮಾಗಡಿ ಮೇಲೆ ಹಾಯುವುದಿಲ್ಲ. ಹತ್ತುವ ಮೊದಲು ಕಂಡಕ್ಟರನ್ನು ಕೇಳಿಕೊಳ್ಳಿ. ನಸುಕಿಗೆ ಬೇಕಾದರೆ ಹಿಂದಿನ ಸಂಜೆಯೇ ಆಟೊದವರ ಹತ್ತಿರ ಹೋಗಿಬರುವ ದರ ಗಟ್ಟಿ ಮಾಡಿಕೊಳ್ಳಿ. ರೂಮಿನ ಬಗ್ಗೆ ಹೇಳುವಂಥದ್ದೇನಿಲ್ಲ, ಸೊಳ್ಳೆ ಇದ್ದವು, ಬಿಸಿನೀರು ಬಕೆಟ್ಟಿನಲ್ಲಿ ಬಂತು.

ಊಟದ ಬಗ್ಗೆ ಮಾತ್ರ ಹೇಳಲೇಬೇಕು. ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಖಾನಾವಳಿ, ಬೋರ್ಡ್ ಕೂಡ ಅರ್ಧ ಅಳಿಸಿದೆ. ₹70ಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಮೆಂತ್ಯೆ ಸೊಪ್ಪು, ಗಟ್ಟಿ ಮೊಸರು, ಕೊನೆಗೆ ಅನ್ನ–ಸಾರು. ಒಳಗೆ ಒಲೆಯ ಮುಂದೆ ಕೂತ ಅಮ್ಮ ರೊಟ್ಟಿ ಬಡಿಯುವ ಸದ್ದು ಹೊರಗಿನವರೆಗೂ ಕೇಳುತ್ತದೆ, ತಟ್ಟೆಗೆ ಬಿದ್ದ ರೊಟ್ಟಿಯಲ್ಲಿ ಇನ್ನೂ ಹಬೆ ಆಡುತ್ತಿರುತ್ತದೆ. ‘ಇನ್ನೊಂದು ಹಾಕ್ಲೇನ್ರೀ ಅಕ್ಕಾರ’ ಎಂದು ಕೇಳಿ ಕೇಳಿ ಬಡಿಸಿದರು, ಹೆಚ್ಚಿನ ರೊಟ್ಟಿಗೆ ದುಡ್ಡು ತಗೊಳ್ಳಲಿಲ್ಲ. ಮಧ್ಯಾಹ್ನ ಒಂದಕ್ಕೆ ಮುಂಚೆ ಹೋಗಿ, ಎಣ್ಣೆಗಾಯಿ ಬೇಗ ಖಾಲಿಯಾಗುತ್ತದೆ.

ಭಾನುವಾರ ಬೇಡವೇ ಬೇಡ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಕೆರೆಯಿದು, ಹೆಸರು ಕೇಳಿ ಜನ ಬರುತ್ತಾರೆ. ಒಬ್ಬ ಡ್ರೋನ್ ಹಾರಿಸಿದ್ದಕ್ಕೆ ಇಡೀ ಹಿಂಡು ಬೆದರಿ ಎದ್ದದ್ದನ್ನು ಕಣ್ಣಾರೆ ನೋಡಿದೆ. ವಾರದ ದಿನ ಹೋಗಿ, ಮಾಸಲು ಬಣ್ಣದ ಬಟ್ಟೆ ಹಾಕಿ, ಏರಿಯಿಂದ ಕೆಳಗಿಳಿಯಬೇಡಿ.

ಡಿಸೆಂಬರ್, ಜನವರಿ ಒಳ್ಳೆಯ ತಿಂಗಳುಗಳು. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರಿರುವುದಿಲ್ಲ, ನೀರಿಲ್ಲದಿದ್ದರೆ ಹಕ್ಕಿಯೂ ಇಲ್ಲ. ಹೊರಡುವ ಮೊದಲು ಆ ಕಡೆಯ ಪರಿಚಯದವರಿಗೆ ಫೋನ್ ಮಾಡಿ ವಿಚಾರಿಸಿ, ಹಾಗೇ ಅದೇ ಭಾಗದ ಶೆಟ್ಟಿಕೇರಿ ಕೆರೆಯಲ್ಲಿ ಹಿಂಡು ಇಳಿದಿದೆಯೇ ಎಂದೂ ಕೇಳಿ.