ಯುರೋಪಿಗೆ ಹೋದ್ರೆ ಸಸ್ಯಾಹಾರಿಗಳು ಊಟಕ್ಕೆ ಏನು ಮಾಡಬೇಕು?

ಯುರೋಪಿಗೆ ಹೋಗಿ ಬಂದೆ ಅಂದ ತಕ್ಷಣ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಊಟಕ್ಕೆ ಏನ್ ಮಾಡಿದ್ರಿ?" ನಾನು ಮಾಂಸ, ಮೀನು ತಿನ್ನುವುದಿಲ್ಲ ಅಂತ ಗೊತ್ತಿರುವವರು ಇನ್ನಷ್ಟು ಕನಿಕರದಿಂದ ಕೇಳುತ್ತಾರೆ. ಪುಳಿಯೋಗರೆ ಪುಡಿ, ಅವಲಕ್ಕಿ, ಕುಕ್ಕರ್ ಎಲ್ಲ ಹೊತ್ತುಕೊಂಡು ಹೋಗಿದ್ರಾ ಅಂತ ವಿಚಾರಿಸುತ್ತಾರೆ. ನನ್ನ ಉತ್ತರ ಇಷ್ಟೇ: ದಕ್ಷಿಣ ಇಟಲಿಯ ಪುಲ್ಯಾಗೆ ಹೋಗಿ. ಅಲ್ಲಿನ ಹಳ್ಳಿಯವರು ತಲೆತಲಾಂತರದಿಂದ ತಿಂದುಕೊಂಡು ಬಂದದ್ದನ್ನೇ ತಿನ್ನಿ.

ಇಟಲಿಯ ಬೂಟಿನ ಹಿಮ್ಮಡಿ ಇದೆಯಲ್ಲ, ಅದೇ ಪುಲ್ಯಾ. ಒಂದು ಕಡೆ ಏಡ್ರಿಯಾಟಿಕ್ ಸಮುದ್ರ, ಇನ್ನೊಂದು ಕಡೆ ಅಯೋನಿಯನ್ ಸಮುದ್ರ. ಸುತ್ತ ಇಷ್ಟು ನೀರಿದ್ದರೂ ಕುಡಿಯುವ ನೀರಿಗೆ ಮಾತ್ರ ಬರ. ನೆಲವೆಲ್ಲ ಸುಣ್ಣಕಲ್ಲು. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಮುಖ್ಯ ನಗರ ಬಾರಿಗೆ ಕೊಳಾಯಿ ನೀರು ಬಂದದ್ದೇ 1915ರಲ್ಲಿ, ಅದೂ ಅಪೆನ್ನೈನ್ ಬೆಟ್ಟಗಳ ಆಚೆಯ ಸೇಲೆ ನದಿಯಿಂದ. ಇಂಥ ನೆಲದಲ್ಲಿ ಬೆಳೆಯುವುದೇನು? ಗಟ್ಟಿ ಗೋಧಿ, ಆಲಿವ್, ಕಾಳುಕಡ್ಡಿ. ಜೊತೆಗೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಸೊಪ್ಪು. ಜಮೀನ್ದಾರರ ಹೊಲದಲ್ಲಿ ಕೂಲಿ ಮಾಡುವವರ ಮನೆಯಲ್ಲಿ ಮಾಂಸ ಬೇಯುತ್ತಿದ್ದದ್ದು ಹಬ್ಬಹರಿದಿನಕ್ಕೆ ಮಾತ್ರ. ಹಾಗಾಗಿ ಅಲ್ಲಿ ನಮಗೆ ಸಿಗುವುದು ಮಾಂಸ ತೆಗೆದು ಕೊಟ್ಟ ಅರ್ಧಂಬರ್ಧ ತಟ್ಟೆಯಲ್ಲ. ಬಡವರು ಇದ್ದುದರಲ್ಲೇ ರುಚಿ ಹುಡುಕಿ ಕಟ್ಟಿದ ಅಡುಗೆ ಅದು. ನನಗೆ ಅದರ ಮೇಲೆ ಅಪಾರ ಗೌರವ.

ಫಾವೆ ಎ ಚಿಕೋರ್ಯಾ ಅನ್ನುವುದನ್ನೇ ನೋಡಿ. ಸಿಪ್ಪೆ ತೆಗೆದು ಒಣಗಿಸಿದ ಫಾವಾ ಕಾಳನ್ನು ಸಣ್ಣ ಉರಿಯಲ್ಲಿ ಕರಗುವ ತನಕ ಬೇಯಿಸುತ್ತಾರೆ. ಮರದ ಸೌಟಿನಲ್ಲಿ ಆಲಿವ್ ಎಣ್ಣೆ ಸೇರಿಸುತ್ತಾ ನುಣ್ಣಗೆ ಕಡೆಯುತ್ತಾರೆ. ಪಕ್ಕದಲ್ಲಿ ಬೇಯಿಸಿದ ಚಿಕೋರಿ ಸೊಪ್ಪು, ಕಹಿ ಕಹಿಯಾಗಿ. ಮೇಲೆ ಮತ್ತೆ ಹಸಿ ಆಲಿವ್ ಎಣ್ಣೆ. ಮಸಾಲೆ ಏನೂ ಇಲ್ಲ. ಆದರೂ ಮೊದಲ ತುತ್ತಿಗೇ ನಮ್ಮ ಮಸೊಪ್ಪು ತಿಂದ ಹಾಗಾಯ್ತು. ಕಾಳಿನ ಸಿಹಿ, ಸೊಪ್ಪಿನ ಕಹಿ, ಎಣ್ಣೆಯ ಸಣ್ಣ ಖಾರ, ಒಂದಾದ ಮೇಲೊಂದು ನಾಲಿಗೆಗೆ ಹತ್ತುತ್ತವೆ. ಜೊತೆಗೆ ಆಲ್ತಮೂರಾ ಊರಿನ ಹಳದಿ ಗೋಧಿ ಬ್ರೆಡ್ಡು. ಹೊರಗೆ ಗಟ್ಟಿ ಕಂದು ಸಿಪ್ಪೆ, ಒಳಗೆ ಮೆತ್ತಗೆ, ದಿನಗಟ್ಟಲೆ ಕೆಡುವುದಿಲ್ಲ.

ಬಾರಿಯ ಹಳೇ ಊರಿನಲ್ಲಿ ಆರ್ಕೊ ಬಾಸ್ಸೊ ಅಂತ ಒಂದು ಗಲ್ಲಿ ಇದೆ. ಹೆಂಗಸರು ಮನೆ ಬಾಗಿಲಲ್ಲೇ ಮೇಜು ಹಾಕಿಕೊಂಡು ಒರೆಕ್ಯೆತ್ತೆ ಪಾಸ್ತಾ ಮಾಡುತ್ತಾರೆ. ಗೋಧಿ ರವೆ ಹಿಟ್ಟು, ನೀರು, ಅಷ್ಟೇ, ಮೊಟ್ಟೆ ಇಲ್ಲ. ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ಮೊಂಡು ಚಾಕುವಿನಿಂದ ಒಂದು ತುಂಡು ಕತ್ತರಿಸಿ, ಹಲಗೆಯ ಮೇಲೆ ತಮ್ಮ ಕಡೆಗೆ ಎಳೆಯುತ್ತಾರೆ. ಅದು ಸುರುಳಿಯಾಗುತ್ತದೆ. ಕೂಡಲೇ ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿಯ ಆಕಾರ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು! ಪಕ್ಕದವರ ಜೊತೆ ಹರಟುತ್ತಲೇ ಇರುತ್ತಾರೆ, ಕೈ ಕಡೆ ನೋಡುವುದೇ ಇಲ್ಲ. ನಾನು ಅಲ್ಲಿಂದ ಕದಲಲು ಮನಸ್ಸಿಲ್ಲದೆ ಬಹಳ ಹೊತ್ತು ನಿಂತಿದ್ದೆ.

ಇದನ್ನು ಚಿಮೆ ದಿ ರಾಪಾ ಎಂಬ, ಸಾಸಿವೆ ಸೊಪ್ಪಿನ ನೆಂಟಸ್ತಿಕೆಯ ಸೊಪ್ಪಿನ ಜೊತೆ ಬೆರೆಸುತ್ತಾರೆ. ಇಲ್ಲಿ ಮಾತ್ರ ಹುಷಾರು. ಬೆಳ್ಳುಳ್ಳಿ ಜೊತೆಗೆ ಆಂಚೊವಿ ಎಂಬ ಪುಟ್ಟ ಮೀನನ್ನೂ ಹಾಕುತ್ತಾರೆ, ಎಣ್ಣೆಯಲ್ಲಿ ಅದು ಕರಗಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಆರ್ಡರ್ ಕೊಡುವಾಗಲೇ "ಸೆಂಜಾ ಅಚ್ಚೂಗೆ" ಅಂದರೆ ಸಾಕು, ಮೀನು ಹಾಕದೆ ಮಾಡಿಕೊಡುತ್ತಾರೆ. ಚೀಸ್ ವಿಷಯವೂ ಅಷ್ಟೇ. ಇಟಲಿಯ ಎಷ್ಟೋ ಚೀಸುಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಕೇಳಿಯೇ ತಿನ್ನಿ.

ಊರುಗಳನ್ನು ನೋಡಿದರೆ ಈ ಅಡುಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆಲ್ಬೆರೊಬೆಲ್ಲೊದ ಶಂಕುವಿನಾಕಾರದ ತ್ರುಲ್ಲಿ ಮನೆಗಳ ಫೋಟೊ ನೀವೂ ನೋಡಿರುತ್ತೀರಿ. 1996ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಹೊಲದಿಂದ ಹೆಕ್ಕಿದ ಸುಣ್ಣಕಲ್ಲನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿದ್ದಾರೆ. ರಾಜನಿಗೆ ತೆರಿಗೆ ತಪ್ಪಿಸಲು ಜಮೀನ್ದಾರ ಹಾಗೆ ಕಟ್ಟಿಸುತ್ತಿದ್ದ, ಅಧಿಕಾರಿಗಳು ಬಂದರೆ ಬೇಗ ಕೆಡವಬಹುದಲ್ಲ, ಅಂತ ಊರವರು ಹೇಳುತ್ತಾರೆ. 1797ರಲ್ಲಿ ನೇಪಲ್ಸ್ ದೊರೆ ಈ ಊರನ್ನು ಜಮೀನ್ದಾರರ ಹಿಡಿತದಿಂದ ಬಿಡಿಸಿದ. ನನಗೆ ಜಾಸ್ತಿ ಹಿಡಿಸಿದ್ದು ಮನೆಯ ಕೆಳಗಿನ ತೊಟ್ಟಿ. ಚಾವಣಿ ಮೇಲೆ ಬಿದ್ದ ಮಳೆನೀರು ಅಲ್ಲಿಗೇ ಇಳಿಯುತ್ತದೆ. ಒಂದು ಹನಿಯೂ ಪೋಲಾಗಬಾರದು ಅನ್ನುವ ಲೆಕ್ಕ ಅಡುಗೆಮನೆಯಲ್ಲೂ ಇದೆ, ಗೋಡೆಯಲ್ಲೂ ಇದೆ. ರಿಯೋನೆ ಮೊಂತಿ ಬಡಾವಣೆ ಅಂಗಡಿಗಳಿಂದ ತುಂಬಿಹೋಗಿದೆ. ಎದುರಿನ ಆಯಾ ಪಿಕ್ಕೊಲಾದಲ್ಲಿ ಗದ್ದಲ ಕಡಿಮೆ, ಅಲ್ಲಿ ಸುಮ್ನೆ ಅಡ್ಡಾಡಿ. ಸಮಯವಿದ್ದರೆ ಲೊಕೊರೊತೊಂದೊಗೂ ಹೋಗಿ, ಗುಡ್ಡದ ಮೇಲಿನ ಬಿಳಿ ಊರು. ಕೆಳಗಿನ ಕಣಿವೆ ಪೂರ್ತಿ ಕಾಣುತ್ತದೆ.

ಕರಾವಳಿಗೆ ಬಂದರೆ ಮೀನಿನದ್ದೇ ಕಾರುಬಾರು, ಅದನ್ನು ಮುಚ್ಚಿಡುವುದಿಲ್ಲ. ಪೊಲಿನ್ಯಾನೊ ಆ ಮಾರೆಯಲ್ಲಿ ಸುಣ್ಣಕಲ್ಲಿನ ಬಂಡೆಯ ಅಂಚಿಗೇ ಮನೆಗಳಿವೆ. ನಡುವಿನ ಸಂದಿಯಲ್ಲಿ ಉರುಟು ಬಿಳಿ ಕಲ್ಲುಗಳ ಪುಟ್ಟ ಬೀಚು. ಅಲ್ಲಿಗೆ ಹೋಗುವವರು ಬಾರಿಯ ಬೇಕರಿಯಿಂದ ಒಂದು ಫೊಕಾಚ್ಚಾ ಕಟ್ಟಿಸಿಕೊಳ್ಳಿ. ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ ಸೇರಿಸಿ, ಮೇಲೆ ಚೆರ್ರಿ ಟೊಮೆಟೊ, ಆಲಿವ್ ಹಾಕಿ ಸುಟ್ಟಿರುತ್ತಾರೆ. ತಳ ಎಣ್ಣೆಯಲ್ಲಿ ಕರಿದಂತೆ ಗರಿಗರಿ. ರೈಲಿನಲ್ಲಿ ಅರ್ಧ ಗಂಟೆಯ ಹಾದಿ, ಬಂಡೆ ಮೇಲೆ ಕೂತು ತಿನ್ನಬಹುದು.

ಒಂದು ಸಂಕಟದ ಮಾತೂ ಹೇಳಬೇಕು. ಇನ್ನೂ ದಕ್ಷಿಣಕ್ಕೆ, ಸಲೆಂತೊ ಕಡೆ ಹೋದರೆ ಬೂದು ಬಣ್ಣಕ್ಕೆ ತಿರುಗಿದ ಆಲಿವ್ ಮರಗಳು ಸಿಗುತ್ತವೆ. 2013ರಲ್ಲಿ ಅಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಮರಗಳನ್ನು ಒಣಗಿಸಿದೆ. ಶತಮಾನಗಳ ಮರಗಳವು. ಅಲ್ಲಿಯ ಎಣ್ಣೆ ತಿಂದು ಬಂದವರಿಗೆ ಇದು ಗೊತ್ತಿರಬೇಕು.

ಕೊನೆಗೆ ಸಮಯದ ವಿಷಯ. ಮಧ್ಯಾಹ್ನದ ಊಟ ಎರಡೂವರೆಯ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಸಂಜೆ ತನಕ ಹಳ್ಳಿಗಳಲ್ಲಿ ಬಹುತೇಕ ಎಲ್ಲ ಬಾಗಿಲು ಹಾಕುತ್ತಾರೆ, ರಾತ್ರಿ ಅಡುಗೆ ಏಳೂವರೆ, ಎಂಟರ ಮೇಲೆಯೇ. ಒಳನಾಡಿನ ಊರುಗಳಿಗೆ ಭಾನುವಾರ ಹೋಗುವುದಾದರೆ ರೈಲಿದೆಯಾ, ಬದಲಿ ಬಸ್ಸಾ ಅಂತ ಮುಂಚೆಯೇ ನೋಡಿಕೊಳ್ಳಿ. ನಡುವೆ ಹಸಿವಾದರೆ ತರಾಲ್ಲಿ ಇದೆಯಲ್ಲ, ನಮ್ಮ ಕೋಡುಬಳೆಗಿಂತ ಸಣ್ಣ ಬಳೆ, ಕುದಿಸಿ ಆಮೇಲೆ ಒಲೆಯಲ್ಲಿ ಸುಟ್ಟದ್ದು. ಹಿಟ್ಟಿಗೆ ಬಿಳಿ ವೈನ್ ಹಾಕಿರುತ್ತಾರೆ, ಅದು ಆಗದವರು ಫೊಕಾಚ್ಚಾವನ್ನೇ ಒಂದು ತುಂಡು ಜಾಸ್ತಿ ಕಟ್ಟಿಸಿಕೊಳ್ಳಿ.