ಡಿಪೋದಿಂದ ವೇರ್‌ಹೌಸಿಗೆ

ಭೂಸೇನೆಯಲ್ಲಿ ನಾಯಬ್ ಸುಬೇದಾರನ ಸೇವಾವಧಿ 26 ವರ್ಷ, ವಿಸ್ತರಣೆ ಸಿಕ್ಕರೆ ಇನ್ನೆರಡು ವರ್ಷ. ಪಿಯುಸಿ ಮುಗಿಸಿ ಭರ್ತಿಯಾದ ನನ್ನಂಥವನು ಹೊರಬರುವಾಗ ವಯಸ್ಸು ಐವತ್ತನ್ನು ಮುಟ್ಟಿರುವುದಿಲ್ಲ. ಮಕ್ಕಳ ಓದು ಮುಗಿದಿರುವುದಿಲ್ಲ, ಪೆನ್ಷನ್ ಎಂದು ಬರುವುದು ಕೊನೆಯ ಸಂಬಳದ ಅರ್ಧ. ಹೀಗೆ ಹೊರಬರುವವರಿಗಾಗಿಯೇ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವು, ಅಂದರೆ ನಾವೆಲ್ಲ ಡಿಜಿಆರ್ ಎಂದು ಕರೆಯುವ ಕಚೇರಿಯು, ನಿವೃತ್ತಿಗೆ ಮುನ್ನ ತರಬೇತಿಯ ವ್ಯವಸ್ಥೆ ಮಾಡುತ್ತದೆ. ಅಧಿಕಾರಿಗಳು ಶುಲ್ಕದ ಒಂದು ಪಾಲನ್ನು ತಾವೇ ಭರಿಸಬೇಕು. ನಾಯಬ್ ಸುಬೇದಾರನಿಂದ ಸುಬೇದಾರ್ ಮೇಜರ್‌ವರೆಗಿನ ಜೆಸಿಓಗಳಿಗೂ ಅವರಿಗಿಂತ ಕೆಳಗಿನ ದರ್ಜೆಯವರಿಗೂ ಶುಲ್ಕವಿಲ್ಲ. ಸೇನೆಗೆ ಆಹಾರ, ಇಂಧನ ಪೂರೈಸುವ ಆರ್ಮಿ ಸರ್ವಿಸ್ ಕೋರ್‌ನ ಸಪ್ಲೈ ಡಿಪೋಗಳಲ್ಲಿ ಬದುಕು ಕಳೆದ ನಾನು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಸೇರಿಕೊಂಡೆ. ಅಲ್ಲಿ ನನಗೆ ಹೆಚ್ಚು ಪ್ರಯೋಜನವಾದದ್ದು ಪಾಠದ ತರಗತಿಗಳಿಗಿಂತ ಬಯೋಡಾಟಾ ತಿದ್ದಲೆಂದು ಮೀಸಲಿಟ್ಟಿದ್ದ ಒಂದು ದಿನ.

ನಮ್ಮ ಬಯೋಡಾಟಾಗಳನ್ನು ನೋಡಿದವರು ಸಾಗಣೆ ಕಂಪನಿಗಳಲ್ಲಿ ದೀರ್ಘಕಾಲ ದುಡಿದಿದ್ದ ಮೇಡಂ ಒಬ್ಬರು. ನಾನು ಬರೆದದ್ದು ಸೇನೆಯ ದಾಖಲೆಗಳು ಇರುವ ಕ್ರಮದಲ್ಲೇ ಇತ್ತು: ಭರ್ತಿಯಾದ ದಿನಾಂಕ, ಬಡ್ತಿ, ಮಾಡಿದ ಕೋರ್ಸ್‌ಗಳು, ಪದಕ, ಪೋಸ್ಟಿಂಗ್. ಅವರು ಪೂರ್ತಿ ಓದಿ, "ಸಾಹೇಬರೇ, ಲೇಹ್‌ನಲ್ಲಿ ಇದ್ದೆ ಎಂದು ಬರೆದಿದ್ದೀರಿ. ಬೆಳಿಗ್ಗೆ ಡಿಪೋಗೆ ಹೋದರೆ ಸಂಜೆಯವರೆಗೆ ಏನು ಮಾಡುತ್ತಿದ್ದಿರಿ, ಅದನ್ನು ನನಗೆ ಹೇಳಿ" ಎಂದು ಕನ್ನಡದಲ್ಲೇ ಕೇಳಿದರು.

ಲಡಾಖಿನಲ್ಲಿ ಚಳಿಗಾಲ ಹಿಡಿಯಿತೆಂದರೆ ಶ್ರೀನಗರದ ಕಡೆಯ ದಾರಿ ಜೋಜಿಲಾದಲ್ಲಿ ಮುಚ್ಚುತ್ತಿತ್ತು, ಮನಾಲಿಯ ಕಡೆಯ ದಾರಿ ಬಾರಾಲಾಚಾದಂಥ ಎತ್ತರದ ಪಾಸ್‌ಗಳಲ್ಲಿ ಮುಚ್ಚುತ್ತಿತ್ತು. ಆದ್ದರಿಂದ ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಕಾನ್ವಾಯ್‌ಗಳು ಹೊತ್ತು ತರುವ ಅಕ್ಕಿ, ಹಿಟ್ಟು, ಬೇಳೆ, ಡಬ್ಬಿಯ ಆಹಾರ, ಸೀಮೆಎಣ್ಣೆ ಎಲ್ಲವನ್ನೂ ಇಡೀ ಚಳಿಗಾಲಕ್ಕೆ ಸಾಲುವಷ್ಟು ಇಳಿಸಿ, ಜೋಡಿಸಿ, ಮುಂಚೂಣಿಯ ನೆಲೆಗಳಿಗೆ ಪಾಲು ಮಾಡಿ ಕಳುಹಿಸಬೇಕು. ಮೊದಲು ಬಂದ ಸರಕು ಮೊದಲು ಹೊರಗೆ ಹೋಗಬೇಕು. ಬಾಳಿಕೆಯ ಅವಧಿ ಮುಗಿಯುತ್ತ ಬಂದ ಸರಕಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಅಲ್ಲಿಂದ ಉತ್ತರ ಬರುವವರೆಗೆ ಆ ರಾಶಿಯನ್ನು ಬೇರೆಯಾಗಿಯೇ ಇಡಬೇಕು. ಲೆಡ್ಜರ್‌ನ ಅಂಕಿಗೂ ನೆಲದ ಮೇಲಿರುವ ಮೂಟೆಗೂ ವ್ಯತ್ಯಾಸ ಬಂದರೆ ಅದಕ್ಕೆ ಲಿಖಿತವಾಗಿ ಉತ್ತರ ಕೊಡಬೇಕು. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವರು ಹಾಳೆಯ ಹಿಂಬದಿಯ ತುಂಬ ಗುರುತು ಮಾಡಿಕೊಂಡಿದ್ದರು.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. "ತಿಂಗಳುಗಟ್ಟಲೆ ಸ್ಟಾಕ್ ಇಟ್ಟುಕೊಳ್ಳುವವರನ್ನು ಕಂಪನಿ ಯಾಕೆ ಕೆಲಸಕ್ಕೆ ತೆಗೆದುಕೊಳ್ಳಬೇಕು?" ಕಂಪನಿಯ ಕಣ್ಣಿಗೆ ಗೋದಾಮಿನಲ್ಲಿ ಕುಳಿತ ಸರಕು ಎಂದರೆ ಕಟ್ಟಿಹಾಕಿದ ಹಣ, ನಮಗಾದರೋ ಸ್ಟಾಕ್ ಕಡಿಮೆಯಾದರೆ ಮುಂಚೂಣಿಯ ನೆಲೆಗಳಲ್ಲಿರುವವರ ಊಟಕ್ಕೇ ಕುತ್ತು. ಎರಡೂ ಕಡೆ ಲೆಕ್ಕಾಚಾರ ಒಂದೇ ಎಂದು ನಾನು ಉತ್ತರಿಸಿದೆ: ಮುಂದಿನ ಲಾರಿ ಯಾವಾಗ ಬರುತ್ತದೆ, ಅದು ಬರದಿದ್ದರೆ ಆಗುವ ನಷ್ಟವೆಷ್ಟು, ಅಲ್ಲಿಯವರೆಗೆ ಎಷ್ಟು ಸರಕು ಕೈಯಲ್ಲಿರಬೇಕು. ಲೇಹ್‌ನಲ್ಲಿ ದಾರಿ ತಿಂಗಳುಗಟ್ಟಲೆ ಮುಚ್ಚುತ್ತಿದ್ದುದರಿಂದ ಆ ಲೆಕ್ಕಕ್ಕೆ ಅಷ್ಟು ದೊಡ್ಡ ಉತ್ತರ ಬರುತ್ತಿತ್ತು. ಲಾರಿ ದಿನವೂ ಓಡಾಡುವ, ಬೆಂಗಳೂರಿನ ಪಕ್ಕದ ಹೊಸಕೋಟೆಯ ಗೋದಾಮಿನಲ್ಲಿ ಚಿಕ್ಕ ಉತ್ತರ ಬರಬೇಕು. ಅವರು ತಲೆಯಾಡಿಸಿ, "ಇಂಟರ್‌ವ್ಯೂನಲ್ಲಿ ಇದನ್ನೇ ಹೇಳಿ" ಎಂದರು. ಸೇನೆಯ ಅಭ್ಯಾಸಗಳನ್ನು ಮರೆತು ಹೊಸದಾಗಿ ಎಲ್ಲವನ್ನೂ ಕಲಿಯಬೇಕೆಂದು ನಮಗೆ ಉಪದೇಶಿಸುವವರು ಬಹಳ ಮಂದಿ. ನನ್ನ ಅನುಭವದಲ್ಲಿ ಆ ಅಭ್ಯಾಸಗಳ ಹಿಂದಿನ ಕಾರಣವನ್ನು ಬಿಡಿಸಿ ಹೇಳಲು ಕಲಿಯುವುದೇ ಅದಕ್ಕಿಂತ ಹೆಚ್ಚು ಉಪಯೋಗದ ತಯಾರಿ.

ಬರೆಯುವಾಗ ಒಂದು ತೊಡಕಿತ್ತು. ಕಂಪನಿಗಳಿಗೆ ಅಂಕಿ ಬೇಕು. ಆದರೆ ಎಷ್ಟು ಯೋಧರಿಗೆ, ಯಾವ ನೆಲೆಗೆ, ಎಷ್ಟು ರೇಷನ್ ಹೋಗುತ್ತದೆಂಬುದನ್ನು ಬಹಿರಂಗಪಡಿಸುವಂತಿಲ್ಲ, ನಿವೃತ್ತಿಯ ನಂತರವೂ ಇಲ್ಲ. ಆದ್ದರಿಂದ ಪ್ರಮಾಣವನ್ನು ಬಿಟ್ಟು ಜವಾಬ್ದಾರಿಯನ್ನು ಬರೆದೆವು: ಸರಕು ಸ್ವೀಕಾರ, ಗುಣಮಟ್ಟದ ತಪಾಸಣೆ, ದಾಸ್ತಾನಿನ ಲೆಕ್ಕ, ವಾಹನಗಳ ಹಂಚಿಕೆ, ಕೂಲಿಯವರ ಮೇಲ್ವಿಚಾರಣೆ, ಬೆಂಕಿಯಿಂದ ರಕ್ಷಣೆ. ಸಂಬಳದ ನಿರೀಕ್ಷೆ ಎಂಬ ಕಾಲಂ ಮಾತ್ರ ಸಂಜೆಯವರೆಗೂ ಖಾಲಿಯಿತ್ತು. ಸೇನೆಯಲ್ಲಿ ಸಂಬಳವನ್ನು ದರ್ಜೆ ಮತ್ತು ಸೇವಾವಧಿಗಳು ನಿರ್ಧರಿಸುತ್ತವೆ, ಅದನ್ನು ಯಾರೂ ಬಾಯಿಬಿಟ್ಟು ಕೇಳುವ ಪ್ರಸಂಗವೇ ಬರುವುದಿಲ್ಲ. ರಾತ್ರಿ ಮನೆಯಲ್ಲಿ ಈ ಮಾತು ತೆಗೆದಾಗ ಹೆಂಡತಿ, "ಪೆನ್ಷನ್ ಬರುತ್ತಲ್ಲಾ ಅಂತ ಕಮ್ಮಿ ಕೇಳಬೇಡಿ ರೀ, ಕೆಲಸಕ್ಕೆ ತಕ್ಕ ಸಂಬಳ ಕೇಳಿ" ಎಂದಳು. ಅವಳ ಮಾತು ನ್ಯಾಯವಾದದ್ದು. ಪೆನ್ಷನ್ ಹಿಂದೆ ಮಾಡಿದ ಸೇವೆಯದು, ಮುಂದಿನ ದುಡಿಮೆಯ ಬೆಲೆಯಿಂದ ಅದನ್ನು ಕಳೆಯುವ ಹಕ್ಕು ಯಾರಿಗೂ ಇಲ್ಲ.

ಮಾಜಿ ಸೈನಿಕ ಎಂದೊಡನೆ ಗೇಟಿನ ಭದ್ರತೆಯ ಕೆಲಸವನ್ನೇ ಮುಂದಿಡುವ ರೂಢಿ ನನಗೆ ನೋವು ತರುತ್ತದೆ. ಆ ಕೆಲಸ ಗೌರವದ್ದೇ, ನನ್ನ ಎಷ್ಟೋ ಜೊತೆಗಾರರು ಅದನ್ನು ನಿಷ್ಠೆಯಿಂದ ಮಾಡುತ್ತಿದ್ದಾರೆ. ಆದರೆ ಸಿಗ್ನಲ್ಸ್‌ನವನಿಗೆ ಸಂಪರ್ಕ ವ್ಯವಸ್ಥೆ ಗೊತ್ತು, ಸೇನೆಯ ವಾಹನ, ಉಪಕರಣಗಳನ್ನು ದುರಸ್ತಿ ಮಾಡುವ ಇಎಂಇಯವನಿಗೆ ಯಂತ್ರ ಗೊತ್ತು, ನಮ್ಮವರಿಗೆ ದಾಸ್ತಾನು ಗೊತ್ತು. ಅದನ್ನು ಕೇಳಿ ತಿಳಿಯದೆಯೇ ಎಲ್ಲರ ಕೈಗೂ ಲಾಠಿ ಕೊಟ್ಟರೆ ನಷ್ಟ ಕಂಪನಿಗೂ ಹೌದು. ಸೇನೆಯ ಉದ್ಯೋಗ ನೆರವಿನ ಸಂಸ್ಥೆಯಾದ ಎಡಬ್ಲ್ಯುಪಿಓದಲ್ಲಿ ಹೆಸರು ನೋಂದಾಯಿಸುವಾಗ ಬಯಸುವ ಹುದ್ದೆಯೆಂದು ವೇರ್‌ಹೌಸ್ ಸೂಪರ್‌ವೈಸರ್ ಎಂದಷ್ಟೇ ಬರೆದೆ. ತಿದ್ದಿದ ಬಯೋಡಾಟಾದ ಒಂದು ಪ್ರತಿಯನ್ನು ನಮ್ಮ ಡಿಪೋದಲ್ಲಿ ಇನ್ನೂ ಸೇವೆಯಲ್ಲಿರುವ ಹಾಸನದ ಕಡೆಯ ಹವಾಲ್ದಾರನಿಗೆ ಕಳುಹಿಸಿ, ಎಕ್ಸೆಲ್ ಕಲಿಯುವುದನ್ನು ಈಗಲೇ ಶುರುಮಾಡು, ಕೋರ್ಸಿನ ಅರ್ಜಿಗೆ ಕೊನೆಯ ತಿಂಗಳವರೆಗೆ ಕಾಯಬೇಡ ಎಂದು ತಿಳಿಸಿದ್ದೇನೆ.